ಹಾಳುಬಾವಿ ಮುಚ್ಚೋಕೆ ಎತ್ತಿದ ವಂತಿಗೆ

ಬೇರೆ ಬೀದೀಲಿ ವಂತಿಗೆ ಎತ್ತಿದ್ರೆ ಜಗಳ ಆಗುತ್ತೆ, ಮುಗೀತು. ನಮ್ ಬೀದೀಲಿ ಮೊದ್ಲು ಜಗಳ ಆಗುತ್ತೆ, ಆಮೇಲೆ ಮೈ ಜುಂ ಅನ್ನುತ್ತೆ, ಆಮೇಲೆ ಮತ್ತೆ ಜಗಳ ಆಗುತ್ತೆ. ಬ್ಯಾಟರಾಯನಪುರದಲ್ಲಿ ಹುಟ್ಟಿ, ಅಲ್ಲೇ ಪಕ್ಕದ್ ಬೀದಿಗೆ ಮದ್ವೆಯಾಗಿ ಬಂದೋಳು ನಾನು. ಓದಿರೋದು ಐದ್ನೇ ಕ್ಲಾಸು. ಆದ್ರೆ ಯಾರ್ ಮನೇಲಿ ಏನ್ ಬೇಯ್ತಿದೆ ಅಂತ ಮೂಗಲ್ಲೇ ಹೇಳ್ತೀನಿ. ಈ ಬೇಸ್ಗೇಲಿ ನಡ್ದಿದ್ದನ್ನ ಕಣ್ಣಾರೆ ಕಂಡಂಗೇ ಹೇಳ್ತೀನಿ, ಕೇಳಿ.

೧. ಬಾವಿ ಕರೆದಿದ್ದು

ನಮ್ ಬೀದಿಗೆ ಒಂದ್ ಕಡೆ ಮೇನ್ ರೋಡು, ಇನ್ನೊಂದ್ ಕಡೆ ದಾರಿ ಇಲ್ಲ. ದಾರಿ ಮುಗಿಯೋ ಜಾಗ್ದಲ್ಲಿ ಒಂದ್ ಹುಣಸೇಮರ, ಅದ್ರ ಕೆಳ್ಗೆ ಒಂದ್ ಹಾಳುಬಾವಿ. ನೀರಿಲ್ಲ, ಆದ್ರೂ ಕಲ್ಲೆಲ್ಲ ಯಾವಾಗ್ಲೂ ತೇವ. ಕಲ್ ಹಾಕಿದ್ರೆ ಬಿದ್ದ ಸದ್ದೇ ಬರಲ್ಲ. ಕೂಗಿದ್ರೆ ವಾಪಸ್ ಕೂಗಲ್ಲ. ಎಲ್ಲಾ ನುಂಗ್ಕೊಂಡು ಸುಮ್ನಿರುತ್ತೆ. ಅಂಥಾ ಗುಣ ನಮ್ ಬೀದೀಲಿ ಇನ್ಯಾರಿಗೂ ಇಲ್ಲ, ನನ್ನನ್ನೂ ಸೇರ್ಸಿ.

ಈ ಸಲ ಬೇಸ್ಗೇಲಿ ಅದು ಬಾಯ್ ಬಿಡ್ತು.

ಮಟಮಟ ಮಧ್ಯಾಹ್ನ, ನಾನು ತಾರಸಿ ಮೇಲೆ ಸಂಡಿಗೆ ಇಡ್ತಿದ್ದೆ. ಬೀದೀಲಿ ಒಂದ್ ನಾಯೀನೂ ಇಲ್ಲ. "ಊಟಕ್ ಬಾರೇ..." ಅಂತು. ತಿರುಗಿ ನೋಡಿದ್ರೆ ಯಾರೂ ಇಲ್ಲ. ಬಾವಿ ಕಡೆಯಿಂದ ಬಂತು. ನಮ್ಮಮ್ಮನ ದನಿ ಕಣ್ರೀ, ಅದೇ ಎಳೆಯೋದು, ಅದೇ ಕೊನೇಲಿ ಒಂದ್ ಕೆಮ್ಮು. ನಮ್ಮಮ್ಮ ತೀರ್ಕೊಂಡು ಯಾವ್ ಕಾಲ ಆಯ್ತು! ನನ್ ಕಾಲು ತಾನಾಗೇ ಮೆಟ್ಲು ಇಳೀತು. ಗೇಟ್ ದಾಟಿದ್ ಮೇಲೆ ತಲೆಗೆ ಹೊಳೀತು. ನಮ್ಮಮ್ಮ ನನ್ನ ಯಾವತ್ತೂ ಊಟಕ್ ಕರ್ದೋಳಲ್ಲ, ಪಾತ್ರೆ ತೊಳ್ಯೋಕೇ ಕರೀತಿದ್ದಿದ್ದು. ಆಗ್ಲೇ ಗೊತ್ತಾಯ್ತು, ಇದು ದೆವ್ವ ಅಂತ.

ಎದುರುಮನೆ ರಿಟೈರಾದ ಬಸ್ ಕಂಡಕ್ಟರ್ರಿಗೆ ಬೇರೆ ಕೇಳ್ಸಿತ್ತು. "ರೈಟ್, ರೈಟ್" ಅಂತಂತೆ. ಮನುಷ್ಯ ಚಪ್ಲೀನೂ ಹಾಕ್ಕೊಳ್ದೇ ಸೀದಾ ಬಾವಿ ಕಟ್ಟೆ ತನಕ ನಡ್ಕೊಂಡ್ ಹೋಗಿ, ಕೊನೇ ಗಳಿಗೇಲಿ ಹುಣಸೇಕೊಂಬೆ ಹಿಡ್ಕೊಂಡ್ರು. "ಯಾಕ್ ಸಾರ್ ಅಷ್ಟ್ ಮುಂದೆ ಹೋದ್ರಿ?" ಅಂದ್ರೆ, "ಹೋಲ್ಡಾನ್ ಅಂತ ಯಾರೂ ಅನ್ನಲಿಲ್ವಲ್ಲಮ್ಮ" ಅಂದ್ರು.

ಮುಚ್ಚಿಸೋಣ ಅಂತ ಕಾರ್ಪೊರೇಷನ್ ಆಫೀಸಿಗೆ ಹೋದ್ವಿ. ಅಲ್ಲಿನೋರು ಕಂಪ್ಯೂಟರಲ್ಲಿ ನೋಡಿ, "ನಮ್ ಮ್ಯಾಪಲ್ಲಿ ಅಲ್ಲಿ ಬಾವೀನೇ ಇಲ್ಲ. ಇಲ್ದೇ ಇರೋ ಬಾವಿಗೆ ಮುಚ್ಳ ಹಾಕೋಕಾಗಲ್ಲ" ಅಂದ್ರು. ನಮ್ ಯಜಮಾನ್ರು ಆಟೋ ಓಡ್ಸೋರು, ಮಾತು ಕಮ್ಮಿ. ವಾಪಸ್ ಬರೋ ದಾರೀಲಿ ಒಂದೇ ಮಾತಂದ್ರು: "ಬಿದ್ದೋನು ಸತ್ರೂ ಮ್ಯಾಪಲ್ಲಿ ಬದುಕೇ ಇರ್ತಾನೆ, ಬಿಡು."

೨. ಒಲೆ ಎಣಿಸಿದ್ದು

ನಾವೇ ಕಾಂಕ್ರೀಟ್ ಸ್ಲ್ಯಾಬ್ ಹಾಕ್ಸೋದು ಅಂತ ತೀರ್ಮಾನ ಆಯ್ತು. ಯಾರ್ ಎಷ್ಟ್ ಕೊಡ್ಬೇಕು? ವಸೂಲಿಗೆ ಕಂಡಕ್ಟರ್ರೇ ಸರಿ ಅಂತ ಎಲ್ರೂ ಅಂದ್ರು. ಅವ್ರು ಹಳೇ ತೊಗಲಿನ ಬ್ಯಾಗು ಹೆಗಲಿಗೆ ಹಾಕ್ಕೊಂಡು ಬಂದೇಬಿಟ್ರು.

ಬೀದಿ ಬಾಯಲ್ಲಿ ಐದಂತಸ್ತಿನ ಪಿ.ಜಿ. ಇದೆ, ಹುಡುಗ್ರು ಬಾಡ್ಗೆಗಿರೋದು. ಅದ್ರ ಓನರ್ರು ಶುರು ಮಾಡಿದ್ರು. "ನಮ್ಮೂರು ಹಳ್ಳಿಯಾಗಿದ್ದಾಗ ಊರಮ್ಮನ ಪೂಜೆಗೆ ಒಲೆ ಲೆಕ್ಕ ಇತ್ತು. ಒಲೆಗೊಂದು ಪಾಲು. ಹಂಗೇ ಮಾಡಿ. ನಂದು ಮೆಸ್ಸಿಗೆ ಒಂದೇ ಒಲೆ, ಅಷ್ಟೇ." ಅವ್ರು ಏನ್ ಮಾತಾಡಿದ್ರೂ ಕೊನೇಲಿ 'ಅಷ್ಟೇ' ಇರ್ಲೇಬೇಕು. ಬಾಡ್ಗೆ ಕೇಳಿದ್ರೂ ಅಷ್ಟೇ, ಶುಗರ್ ಕೇಳಿದ್ರೂ ಅಷ್ಟೇ.

ಬಾವಿ ಪಕ್ಕದ್ ಶೀಟ್ ಮನೇಲಿ ಇಡ್ಲಿ ಅಕ್ಕ ಇರೋದು. ಒಂಟಿ ಹೆಂಗ್ಸು, ಬೀದಿ ಬಾಯಲ್ಲಿ ತಳ್ಳೋಗಾಡಿ ಇಟ್ಕೊಂಡು ಇಡ್ಲಿ ಮಾರ್ತಾಳೆ. ಇಡ್ಲಿಗೊಂದು, ವಡೆಗೊಂದು, ಸಾಂಬಾರಿಗೊಂದು, ಟೀಗೊಂದು ಅಂತ ನಾಕು ಒಲೆ. ನಾಕು ಪಾಲು!

"ಅರವತ್ತು ಹುಡುಗ್ರಿಗೆ ಬೇಯ್ಸೋ ಒಲೆ ಒಂದು, ನನ್ ಟೀ ಒಲೇನೂ ಒಂದಾ?" ಅಂದ್ಲು ಅಕ್ಕ.

"ರೂಲ್ಸು ರೂಲ್ಸೇ. ಕೊಡೋಕಾಗ್ದಿದ್ರೆ ಗಾಡಿ ಬೀದಿಯಿಂದ ಆಚೆ. ವಂತಿಗೆ ಕೊಡ್ದೋರಿಗೆ ಬೀದೀಲಿ ಜಾಗ ಯಾಕೆ?"

ಅಸಲಿ ವಿಷ್ಯ ನಾನ್ ಹೇಳ್ತೀನಿ. ಪಿ.ಜಿ. ಹುಡುಗ್ರು ಮೆಸ್ಸಿನ ಉಪ್ಪಿಟ್ಟು ನೋಡಿ ಕೈ ಮುಗ್ದು, ಬಂದು ಅಕ್ಕನ ಗಾಡೀಲಿ ತಿಂತಿದ್ರು. ಅದಕ್ಕೇ ಅವ್ರಿಗೆ ಆ ಗಾಡಿ ಮೇಲೆ ಕಣ್ಣು. ಗಾಡಿ ಹೋದ್ರೆ ಅಕ್ಕನ ಗಂಜಿ ಹೋಯ್ತು. ಅವಳಿಗೆ ಬೇರೆ ದಿಕ್ಕಿಲ್ಲ. ಅವತ್ತು ಮನೆಗೆ ಹೋಗೋವಾಗ ಗಾಡಿ ಚಕ್ರಕ್ಕೆ ಕೈ ಇಟ್ಕೊಂಡು ಸುಮಾರ್ ಹೊತ್ತು ನಿಂತಿದ್ಲು, ದನದ ಮೈ ಸವರೋ ಥರ.

ಮಾರ್ನೇ ದಿನ ಬೆಳಿಗ್ಗೆ ಕಂಡಕ್ಟರ್ರು ಒಲೆ ಎಣ್ಸೋಕೆ ಹೊರಟ್ರು. ಇಡೀ ಬೀದಿ ಒಲೆ ಆರ್ಸಿ ಬಚ್ಚಿಟ್ಟಿತ್ತು. ನಮ್ ಎರಡ್ನೇ ಒಲೆ ಮಂಚದ್ ಕೆಳ್ಗೆ. ಒಂದ್ ಕುಕ್ಕರೂ ಕೂಗ್ಲಿಲ್ಲ, ಒಂದ್ ಮನೆಯಿಂದ್ಲೂ ಸೌಟಿನ ಸದ್ದಿಲ್ಲ. ಅಂಥಾ ಮೌನ ನಾನು ಸ್ಮಶಾನದಲ್ಲೂ ಕೇಳಿಲ್ಲ. ಆಗ ಸಣ್ಣಗೆ ಬಂತು ನೋಡಿ, ಇಂಗು, ಸಾಸಿವೆ, ಕರಿಬೇವು. ಒಗ್ಗರಣೆ ಚಟಪಟ ಅಂತು. ಎಲ್ರೂ ಮೂಗು ಅರಳಿಸ್ಕೊಂಡು ವಾಸ್ನೆ ಹಿಂದೆ ಹೋದ್ವಿ. ಅಕ್ಕನ ಮನೇಲಿ ಬೆಂಕಿ ಇಲ್ಲ. ವಾಸ್ನೆ ಬರ್ತಿದ್ದಿದ್ದು ಬಾವಿ ಒಳಗಿಂದ. ಬಿಸಿ ಗಾಳಿ ಮುಖಕ್ಕೆ ಹೊಡೀತು.

ಎಲ್ರೂ ಹಿಂದೆ ಸರಿದ್ರು. ಪಿ.ಜಿ. ಓನರ್ರು ಮಾತ್ರ ಕರ್ಚೀಫಲ್ಲಿ ಬೆವರು ಒರ್ಸ್ಕೊಂಡು, "ಕಂಡಕ್ಟ್ರೇ, ಅಲ್ಲೂ ಒಂದೊಲೆ ಉರೀತಿದೆ. ಅವ್ರ ಹತ್ರಾನೂ ಒಂದ್ ಪಾಲು ಇಸ್ಕೊಳ್ಳಿ" ಅಂದ್ರು.

೩. ತಲೆ ಎಣಿಸಿದ್ದು

ಒಲೆ ಬೇಡ, ತಲೆ ಲೆಕ್ಕ ಹಾಕೋಣ ಅಂದ್ರು ಕಂಡಕ್ಟರ್ರು. ಬಸ್ಸಲ್ಲಿ ಸಾವ್ಕಾರನಿಗೂ ಒಂದೇ ಟಿಕೆಟ್ಟು, ಕೂಲಿಯೋನಿಗೂ ಒಂದೇ ಟಿಕೆಟ್ಟು, ಅದಕ್ಕಿಂತ ನ್ಯಾಯ ಉಂಟಾ ಅಂತ.

ನಮ್ ಪಕ್ಕದ್ಮನೆ ಗ್ರಿಲ್ ಭಾಯಿ ಎದ್ ನಿಂತ. ಗೇಟು, ಕಿಟಕಿ ಗ್ರಿಲ್ ಬೆಸುಗೆ ಹಾಕೋನು. ಒಂದೇ ರೂಮು, ಅಡ್ಗೆಮನೆ, ಒಂಬತ್ತು ಜನ. "ಅರೇ ಸಾರ್, ನಮ್ದು ಮನೆ ಚಿಕ್ದು, ತಲೆ ಜಾಸ್ತಿ. ಓನರ್ ಸಾರ್ದು ಮನೆ ದೊಡ್ದು, ಅವ್ರು ಗಂಡ ಹೆಂಡ್ತಿ ಇಬ್ರೇ. ನಾವು ಅವ್ರಿಗಿಂತ ಜಾಸ್ತಿ ಕೊಡ್ಬೇಕಾ? ನಮ್ದುಕೆ ಮಕ್ಳು ಇರೋದೇ ತಪ್ಪಾ?"

"ಮಕ್ಕಳಿಗೆ ಹಾಫ್ ಟಿಕೆಟ್" ಅಂದ್ರು ಕಂಡಕ್ಟರ್ರು.

"ಹಂಗಾದ್ರೆ ಪಿ.ಜಿ. ಹುಡುಗ್ರು?" ಅಂದೆ ನಾನು.

"ಅವೆಲ್ಲ ಟೆಂಪರರಿ ತಲೆಗಳು" ಅಂದ್ರು ಓನರ್ರು. "ಇವತ್ತು ಇರ್ತವೆ, ನಾಳೆ ಹೆಬ್ಬಾಳಕ್ಕೆ ಹೋಗ್ತವೆ. ಪರ್ಮನೆಂಟ್ ತಲೆ ನಂದು, ನನ್ ಹೆಂಡ್ತೀದು, ಅಷ್ಟೇ."

ಜಗಳ ಬೇಡ, ಮೊದ್ಲು ಇಲ್ಲಿ ನಿಂತಿರೋ ದೊಡ್ಡೋರ್ನ ಎಣ್ಸೋಣ ಅಂತ ದೀಪ ಹಚ್ಚೋ ಹೊತ್ತಲ್ಲಿ ಎಲ್ರನ್ನೂ ಹುಣಸೇಮರದ ಹತ್ರ ಸಾಲಾಗಿ ನಿಲ್ಸಿದ್ರು. ಮನೆಗಿಬ್ರು ಬನ್ನಿ ಅಂದಿದ್ರು, ಮನೆಗಿಬ್ರೇ ಬಂದಿದ್ವಿ. ಇಡ್ಲಿ ಅಕ್ಕ ಮಾತ್ರ ಒಬ್ಳೇ. ಕಂಡಕ್ಟರ್ರು ಎಣಿಸಿದ್ರು, ಒಂದ್ ತಲೆ ಜಾಸ್ತಿ ಬಂತು. ಭಾಯಿ ಉರ್ದೂಲಿ ಎಣಿಸ್ದ, ಅವನಿಗೂ ಒಂದ್ ಜಾಸ್ತಿ. ನಾನು ಒಬ್ಬೊಬ್ರ ಭುಜ ಮುಟ್ಟಿ ಎಣಿಸ್ದೆ. ಸಾಲಿನ ಕೊನೇಲಿ, ಅಕ್ಕನ ಪಕ್ಕ, ಕತ್ತಲಲ್ಲಿ ಒಂದ್ ಭುಜ ಮುಟ್ಟಿದೆ ಕಣ್ರೀ. ಒದ್ದೆ ಇತ್ತು. ತಣ್ಣಗಿತ್ತು. ಕೈ ಕಿತ್ಕೊಂಡು ಮುಂದೆ ನೋಡ್ದೇನೇ ವಾಪಸ್ ಬಂದ್ಬಿಟ್ಟೆ.

"ಇನ್ನೊಂದ್ ತಲೆ ಯಾರ್ ಮನೇದು?" ಅಂದ್ರು ಕಂಡಕ್ಟರ್ರು.

"ನಮ್ದಲ್ಲ" ಅಂದ ಭಾಯಿ. "ನಮ್ದೂ ಅಲ್ಲ" ಅಂದ್ರು ನಮ್ ಯಜಮಾನ್ರು.

ಆಗ ಪಿ.ಜಿ. ಓನರ್ರು ಮುಂದೆ ಬಂದು, "ನಿಮ್ಗೆಲ್ಲ ಎಣ್ಸೋಕೇ ಬರಲ್ಲ, ನೋಡಿ ಹಿಂಗೆ" ಅಂತ ಬೆರಳು ತೋರ್ಸಿ ಎಣಿಸಿದ್ರು. ಸರಿಯಾಗಿ ಬಂತು! ಒಂದೂ ಜಾಸ್ತಿ ಇಲ್ಲ. ಎಲ್ರಿಗೂ ಉಸಿರು ಬಂತು. ಮನೆಗೆ ಹೋಗಿ ಬಾಗ್ಲು ಹಾಕ್ಕೊಂಡ್ ಮೇಲೆ ನಮ್ ಯಜಮಾನ್ರು ಅಂದ್ರು: "ಲೇ, ಅವ್ರು ತಮ್ಮನ್ನ ಬಿಟ್ಟು ಎಣಿಸಿದ್ರು ಕಣೇ."

೪. ಟೇಪು ಹಿಡಿದಿದ್ದು

ಆ ಭುಜ ಮುಟ್ಟಿದ ಕೈನ ನಾನು ಎಷ್ಟ್ ಸೋಪ್ ಹಾಕಿ ತೊಳ್ದೆ ಅಂತ ನಂಗೇ ಗೊತ್ತು. ಬೀದಿಗೆ ಮಾತ್ರ ಭಯ ಜಾಸ್ತಿಯಾದಷ್ಟೂ ಜಿಪುಣತನಾನೂ ಜಾಸ್ತಿಯಾಯ್ತು.

"ಸ್ಟೇಜ್ ಲೆಕ್ಕ" ಅಂದ್ರು ಕಂಡಕ್ಟರ್ರು. ಬಸ್ಸಲ್ಲಿ ದೂರಕ್ಕೆ ತಕ್ಕಂಗೆ ಟಿಕೆಟ್ಟಲ್ವಾ, ಇಲ್ಲಿ ಉಲ್ಟಾ. ಬಾವಿಗೆ ಹತ್ರ ಇದ್ದೋರಿಗೆ ಸ್ಲ್ಯಾಬಿಂದ ಲಾಭ ಜಾಸ್ತಿ, ಅವ್ರು ಜಾಸ್ತಿ ಕೊಡ್ಲಿ. ದೂರ ಇದ್ದೋರು ಕಮ್ಮಿ. ಪಿ.ಜಿ. ಬೀದಿ ಬಾಯಲ್ಲಿರೋದು, ಓನರ್ರು ಚಪ್ಪಾಳೆ ತಟ್ಟಿಬಿಟ್ರು. ಬಾವಿಗೆ ಅಂಟ್ಕೊಂಡಿರೋದು ಅಕ್ಕನ ಮನೆ. ಮತ್ತೆ ಅವಳ ತಲೆ ಮೇಲೇ!

ಅಕ್ಕ ಸೊಂಟದ ಮೇಲೆ ಕೈ ಇಟ್ಕೊಂಡ್ಲು. "ಹತ್ರ ಇದೀನಿ, ಸರಿ. ಅದು ನನ್ನ ಒಂದ್ ದಿನಾನೂ ಕರ್ದಿಲ್ಲ. ನಾನು ದಿನಾ ಮೊದ್ಲನೇ ಒಬ್ಬೆ ತೆಗ್ದಾಗ ಒಂದ್ ಇಡ್ಲಿ ಕಟ್ಟೆ ಮೇಲೆ ಇಟ್ಟು ಹೋಗ್ತೀನಿ. ನನ್ ಪಾಡಿಗೆ ನಾನು, ಅದ್ರ ಪಾಡಿಗೆ ಅದು. ಕರೆಸ್ಕೊಂಡು ಹೆದರ್ಕೊಂಡೋರು ಕೊಡ್ಬೇಕೋ, ಹೆದ್ರಿಕೇನೇ ಇಲ್ದೋಳು ಕೊಡ್ಬೇಕೋ?"

"ಆ ಇಡ್ಲಿ ಯಾರ್ ತಿಂತಾರೆ?" ಅಂದೆ.

"ಖಾಲಿ ಆಗುತ್ತೆ" ಅಂದ್ಲು.

ಆ ಮರಕ್ಕೆ ಕಾಗೆ ಕೂರಲ್ಲ, ನಾಯಿ ಹೋಗಲ್ಲ. ನಾನ್ ಮುಂದೆ ಕೇಳೋಕೆ ಹೋಗ್ಲಿಲ್ಲ. ನಾನೇ ಸುಮ್ನಾಗಿದೀನಿ ಅಂದ್ರೆ ನೀವೇ ಲೆಕ್ಕ ಹಾಕಿ.

ಅಳ್ಯೋಕೆ ಪಿ.ಜಿ. ಓನರ್ರೇ ಉದ್ದದ್ ಟೇಪು ತಂದ್ರು, ಸೈಟ್ ಅಳ್ಯೋ ಟೇಪು. ಅವ್ರು ಡಬ್ಬಿ ಹಿಡ್ಕೊಂಡು ತಮ್ ಗೇಟ್ ಕಡೆ ಹಿಂದಿಂದಕ್ಕೆ ನಡೀತಾ ಬಂದ್ರು. ತುದಿ ಬಾವಿ ಕಡೆ. ಟೇಪು ತಂತಿ ಥರ ಬಿಗಿಯಾಗಿ ನಿಂತಿತ್ತು. ಕಂಡಕ್ಟರ್ರು ನನ್ ಪಕ್ಕ ನಿಂತು, "ಭಾಯಿ, ಸರಿಯಾಗಿ ಹಿಡ್ಕೊಳಪ್ಪ ಆ ಕಡೆ" ಅಂತ ಕೂಗಿದ್ರು.

"ಸಾರ್, ನಾನು ಇಲ್ಲಿದೀನಿ" ಅಂತು ನಮ್ ಹಿಂದಿಂದ. ಭಾಯಿ ಬೀಡಿ ಹಿಡ್ಕೊಂಡು ನಿಂತಿದ್ದ. "ನೀವೇ ತುದಿ ಸಿಕ್ಕಿಸಿ ಬಂದ್ರಿ ಅಂದ್ಕೊಂಡೆ."

ಕಂಡಕ್ಟರ್ರು ಸಿಕ್ಕಿಸಿರಲಿಲ್ಲ. ಬಾವಿ ಕಟ್ಟೆ ಹತ್ರ ಯಾರೂ ಇರಲಿಲ್ಲ. ಟೇಪಿನ ತುದಿ ಕಟ್ಟೆ ದಾಟಿ ಒಳಗೆ ಹೋಗಿತ್ತು. ನಾವ್ ನೋಡ್ತಿದ್ದಂಗೇ ಒಂದ್ ಸಲ ಮೆಲ್ಲಗೆ ಎಳೀತು, ಮೀನು ಗಾಳ ಎಳ್ದಂಗೆ. ಪಿ.ಜಿ. ಓನರ್ರು ಒಂದ್ ಹೆಜ್ಜೆ ಮುಂದೆ ಬಂದ್ರು. ಮತ್ತೆ ಎಳೀತು, ಮತ್ತೊಂದ್ ಹೆಜ್ಜೆ.

"ಬಿಡಿ ಸಾರ್! ಕೈ ಬಿಡಿ!" ಅಂತ ಬೀದಿಯೆಲ್ಲ ಕಿರುಚ್ತು.

"ಹೆಂಗ್ರೀ ಬಿಡ್ಲಿ?" ಅಂದ್ರು ಅವ್ರು, ಹಲ್ಲು ಕಚ್ಕೊಂಡು. "ಟೇಪು ನಂದು!"

೫. ಬೀದಿಗೆ ಬೀದೀನೇ ಬಡವಾಗಿದ್ದು

ಆಮೇಲೆ ಟೇಪು ಹೋಯ್ತು, ಬಿಡಿ. ಅಮಾವಾಸ್ಯೆ ಒಳ್ಗೆ ಮುಚ್ಚಲೇಬೇಕು ಅಂತ ಆಯ್ತು. ಅಷ್ಟ್ರೊಳ್ಗೆ ಪಾಲು ಕೊಡ್ದಿದ್ರೆ ಗಾಡಿ ಎತ್ತಿಸ್ತೀನಿ ಅಂತ ಓನರ್ರು ಅಕ್ಕನಿಗೆ ಇನ್ನೊಂದ್ ಸಲ ಅಂದ್ರು.

ಅಕ್ಕ ಅವತ್ತು ಗಟ್ಟಿಯಾಗಿ ಮಾತಾಡಿದ್ಲು. "ಒಲೇನೂ ಬೇಡ, ತಲೇನೂ ಬೇಡ. ಇದ್ದೋರು ಇದ್ದಷ್ಟಕ್ಕೆ ತಕ್ಕಂಗೆ ಕೊಡ್ಲಿ. ನಾನೂ ಕೊಡ್ತೀನಿ, ನಂಗೆ ಇರೋವಷ್ಟಕ್ಕೆ."

ಕಂಡಕ್ಟರ್ರಿಗೆ ಸರಿ ಅನ್ನಿಸ್ತು. ನಾಳೆ ಎಲ್ರೂ ಅವ್ರವ್ರ ಸಂಪಾದ್ನೆ ಹೇಳಿ ಅಂದ್ರು. ಮಾರ್ನೇ ದಿನ ನೋಡ್ಬೇಕಿತ್ತು ನಮ್ ಬೀದೀನ! ರಾತ್ರೋರಾತ್ರಿ ಎಲ್ಲಾ ಬಡವರಾಗಿಬಿಟ್ಟಿದ್ರು. ಕಾರಿಗೆ ಟಾರ್ಪಾಲು ಹೊದ್ಸಿ ಮೇಲೆ ಸೌದೆ ಹಾಕಿದ್ರು. ಹೆಂಗಸರ ಕಿವೀಲೆಲ್ಲ ಬೇವಿನಕಡ್ಡಿ. ನಾನೂ ನೆಲ ಒರ್ಸೋಕೆ ಅಂತ ಇಟ್ಟಿದ್ದ ಸೀರೆ ಉಟ್ಟಿದ್ದೆ, ಯಾಕ್ ಸುಳ್ಳು. ಪಿ.ಜಿ. ಓನರ್ರು ತೂತು ಬನೀನು ಹಾಕ್ಕೊಂಡು ಬಂದ್ರು. ಹೊಸಾ ಬನೀನು, ತೂತು ಮಾತ್ರ ಅವತ್ತಿಂದು, ಕತ್ತರಿ ಗುರುತು ಕಾಣ್ತಿತ್ತು.

"ಇದು ಆಗೋ ಕೆಲ್ಸ ಅಲ್ಲ" ಅಂದ ಭಾಯಿ.

"ಆಣೆ ಮಾಡ್ಸಿ" ಅಂದೆ ನಾನು. "ಬಾವಿ ಕಟ್ಟೆ ಮೇಲೆ ಕೈ ಇಟ್ಟು ಹೇಳ್ಲಿ. ಯಾರಿಗೆ ಸುಳ್ಳು ಹೇಳೋ ಧೈರ್ಯ ಇದ್ಯೋ ನೋಡೋಣ."

ಮಧ್ಯಾಹ್ನ ನೆರಳು ಕಾಲ್ ಕೆಳ್ಗೆ ಬಂದಾಗ ಎಲ್ರೂ ಹೋಗಿ ನಿಂತ್ವಿ. ಅಷ್ಟ್ ಬಿಸ್ಲಲ್ಲೂ ಕಟ್ಟೆ ಕಲ್ಲು ಮಂಜುಗಡ್ಡೆ. ಕಂಡಕ್ಟರ್ರು ಪೆನ್ಷನ್ ಹೇಳಿದ್ರು. ಬಾವಿ ಸುಮ್ನಿತ್ತು. ಭಾಯಿ ಬೆಸುಗೆ ಕೆಲ್ಸದ್ದು ಹೇಳ್ದ. ಸುಮ್ನಿತ್ತು. ನಾನು ಆಟೋದ್ದು, ಮೇಲ್ಮನೆ ಬಾಡ್ಗೇದು ಹೇಳ್ದೆ. ಒಳಗೆಲ್ಲೋ 'ತೊಟ್' ಅಂತ ಒಂದ್ ಹನಿ ಬಿತ್ತು. "ಚೀಟಿದೂ ಒಂದ್ ಸ್ವಲ್ಪ ಬರುತ್ತೆ" ಅಂತ ತಕ್ಷಣ ಸೇರಿಸ್ದೆ. ನಮ್ ಯಜಮಾನ್ರು, "ಯಾವ್ ಚೀಟಿ?" ಅಂದ್ರು. ಮನೇಲಿ ಹೇಳ್ತೀನಿ ನಡೀರಿ ಅಂದೆ.

ಇಡ್ಲಿ ಅಕ್ಕ ಹೇಳಿದ್ಲು. ಹಿಟ್ಟಿಗೆ, ಗ್ಯಾಸಿಗೆ, ಬಾಡ್ಗೆಗೆ ಹೋಗಿ ಮಿಗೋದು ಇಷ್ಟು ಅಂದ್ಲು. ಅಷ್ಟ್ ಕಮ್ಮೀನಾ ಅಂತ ನಂಗೇ ನಾಚ್ಕೆ ಆಯ್ತು. ಹುಣಸೆ ಎಲೆ ಒಂದೂ ಅಲ್ಲಾಡ್ಲಿಲ್ಲ, ಆದ್ರೆ ಅವಳ ಸೆರಗು ಮಾತ್ರ ಮೆಲ್ಲಗೆ ಹಾರ್ತು. ಯಾರೋ ಬೆವರು ಒರ್ಸಿದಂಗೆ.

ಕೊನೇಗೆ ಪಿ.ಜಿ. ಓನರ್ರು. ಕಟ್ಟೆ ಮೇಲೆ ಕಿರುಬೆರಳು ಮಾತ್ರ ಇಟ್ರು. "ಮೆಸ್ಸಲ್ಲಿ ನಷ್ಟ. ಮೇಲಿನ್ ಎರಡಂತಸ್ತು ಖಾಲಿ. ಏನೋ ಕೈಗೆ ಬಾಯಿಗೆ ಸಾಲುತ್ತೆ. ಅಷ್ಟೇ."

ಬಾವಿ ಒಳಗಿಂದ ಬಂತು. ಹೆಂಗ್ಸಿಂದೂ ಅಲ್ಲ, ಗಂಡ್ಸಿಂದೂ ಅಲ್ಲ, ತೇವದ ದನಿ. ಸಮಾಧಾನವಾಗಿ, ತರಕಾರಿ ಅಂಗಡೀಲಿ ಕೇಳೋ ಥರ.

"ಅಷ್ಟೇನಾ?"

ಓನರ್ರ ಕಿರುಬೆರಳು ಕಲ್ಲಿಗೆ ಅಂಟ್ಕೊಂಡಿತ್ತು, ಬರ್ತಿಲ್ಲ. "ಹೆ... ಹೆಸರಘಟ್ಟದ ಹತ್ರ ಒಂದ್ ತೋಟ ಇದೆ" ಅಂದ್ರು.

"ಅಷ್ಟೇನಾ?"

"ಮಾಕಳಿ ಹತ್ರ ಒಂದ್ ಸೈಟು. ಹೆಂಡ್ತಿ ಹೆಸ್ರಲ್ಲಿ."

ಅವ್ರ ಹೆಂಡ್ತಿ ಪಕ್ಕದಲ್ಲೇ ಇದ್ರು. "ನನ್ ಹೆಸ್ರಲ್ಲಾ? ನಂಗೇ ಗೊತ್ತಿಲ್ವಲ್ಲ! ಇನ್ನೇನೇನ್ ಇದೇರೀ?"

ಇಲ್ಲಿ ಬಾವಿ ಏನೂ ಕೇಳ್ಲಿಲ್ಲ. ಅದ್ರ ಕೆಲ್ಸ ಅವ್ರ ಹೆಂಡ್ತೀನೇ ಮಾಡ್ತಿದ್ರು.

೬. ಸ್ಲ್ಯಾಬ್ ಬಿದ್ದ ಮೇಲೆ

ಸ್ಲ್ಯಾಬಿಗೆ ಅರ್ಧಕ್ಕಿಂತ ಜಾಸ್ತಿ ಪಿ.ಜಿ. ಓನರ್ರದ್ದೇ ಬಿತ್ತು. ಅಕ್ಕ ತನ್ ಪಾಲು ಸೆರಗಿನ ಗಂಟಿಂದ ಬಿಚ್ಚಿ ಕೊಟ್ಲು, ಒಂದ್ ಪೈಸೆ ಉಳ್ಸ್ಕೊಳ್ಳಿಲ್ಲ. ಭಾಯಿ ಕೈಯಲ್ಲಿ ದುಡ್ಡಿರಲಿಲ್ಲ, ಕಬ್ಬಿಣ ಕಟ್ಟೋ ಕೂಲಿ ಬಿಟ್ಟ. ಅದೂ ವಂತಿಗೇನೇ ಅಂದ್ರು ಕಂಡಕ್ಟರ್ರು. ಸ್ಲ್ಯಾಬಿನ ನಡುವೆ ಭಾಯಿ ಒಂದ್ ಅಂಗೈಯಗಲ ಗ್ರಿಲ್ ಕೂರ್ಸಿದ್ದ. "ಯಾಕಪ್ಪ ಇದು?" ಅಂದೆ.

"ಅಕ್ಕಾ, ಒಳ್ಗಡೆ ಇರೋರಿಗೆ ಗಾಳಿ ಬೇಡ್ವಾ?" ಅಂದ.

ಇನ್ನು ಗಾಡಿ ವಿಷ್ಯ. ಕೊಡೋದು ಕೊಟ್ಟಾಯ್ತು, ಎತ್ಸೋ ಹಾಗಿಲ್ಲ. ಆದ್ರೂ ಓನರ್ರು ತಮ್ ಗೇಟ್ ಮುಂದೆ ಬೇಡ ಅಂತ ಗೊಣಗ್ತಿದ್ರು. ಅಕ್ಕ ಗಾಡಿ ತಳ್ಕೊಂಡು ಬಂದು ಸ್ಲ್ಯಾಬ್ ಮೇಲೆ ನಿಲ್ಸಿದ್ಲು. ಸಮತಟ್ಟು ಜಾಗ, ಹುಣಸೇಮರದ ನೆರಳು, ಮನೆ ಪಕ್ಕದಲ್ಲೇ. "ರೈಟ್!" ಅಂದ್ರು ಕಂಡಕ್ಟರ್ರು.

ಅಲ್ಲಿಗೆ ಯಾರ್ ಬರ್ತಾರೆ ಅಂದ್ಕೊಂಡಿದ್ವಿ. ಪಿ.ಜಿ. ಹುಡುಗ್ರು ಬಂದ್ರು, ಅವ್ರಿಗೆ ದೆವ್ವಕ್ಕಿಂತ ಉಪ್ಪಿಟ್ಟಿನ ಭಯ ಜಾಸ್ತಿ. ಅವ್ರ ಹಿಂದೆ ಬೀದಿಯೋರು ಬಂದ್ರು. ಬಾವಿ ಯಾರ್ನೂ ಕರೀಲಿಲ್ಲ. ಅಕ್ಕ ದಿನಾ ಮೊದ್ಲನೇ ಒಬ್ಬೆಯ ಒಂದ್ ಇಡ್ಲಿ ಪುಡಿ ಮಾಡಿ ಆ ಗ್ರಿಲ್ ಒಳ್ಗೆ ಹಾಕ್ತಾಳೆ. ಕೆಳ್ಗೆ ಬಿದ್ದ ಸದ್ದು ಬರಲ್ಲ. ನಾನ್ ಕಿವಿಯಿಟ್ಟು ನೋಡಿದೀನಿ. ಯಾರೋ ಕೈಯೊಡ್ಡಿ ಹಿಡ್ಕೊಂಡಂಗೆ.

ಕೊನೇಗೆ ಹೆಂಡ್ತಿ ಅಡ್ಗೆ ನಿಲ್ಸಿದ್ ಮೇಲೆ ಪಿ.ಜಿ. ಓನರ್ರೂ ಬಂದ್ರು. ಸೈಟಿನ ವಿಷ್ಯ ಇನ್ನೂ ಮುಗ್ದಿರಲಿಲ್ಲ ಅನ್ಸುತ್ತೆ. ಬೆಳಿಗ್ಗೆ ಜನ ಜಾಸ್ತಿ ಇತ್ತು, ಅಕ್ಕನಿಗೆ ಕೈ ಬಿಡುವಿಲ್ಲ. ಅವ್ರು ಗಾಡಿ ಆ ಕಡೆ ನಿಂತು ತಟ್ಟೆ ಮೇಲೆ ತಟ್ಟೆ ಇಸ್ಕೊಂಡು ತಿಂತಿದ್ದಿದ್ದನ್ನ ನಾನ್ ನೋಡ್ತಾನೇ ಇದ್ದೆ. ಬಾಯ್ ಒರ್ಸ್ಕೊಂಡು ಕೈ ಜೇಬಿಗೆ ಹಾಕಿದ್ರು.

"ಎಷ್ಟ್ ಆಯ್ತಮ್ಮಾ? ಎರಡು ಇಡ್ಲಿ, ಅಷ್ಟೇ."

ಗ್ಯಾಸ್ ಒಲೆ ಉರಿ ಒಂದ್ ಸಲ ನೀಲಿಯಾಗಿ ಬಗ್ಗಿ ನಿಂತ್ಕೊಳ್ತು. ಅವ್ರ ಚಪ್ಪಲಿ ಕೆಳಗಿಂದ, ಆ ಅಂಗೈಯಗಲ ಗ್ರಿಲ್ಲಿಂದ, ತಣ್ಣಗಿನ ಗಾಳಿ ಬಂತು.

"ಅಷ್ಟೇನಾ?"

"ನಾಕು!" ಅಂತ ಕಿರುಚಿದ್ರು ಓನರ್ರು. "ನಾಕು ಇಡ್ಲಿ, ಎರಡು ವಡೆ! ಒಂದ್ ಟೀ! ಚಟ್ನಿ... ಚಟ್ನಿ ಮೂರ್ ಸಲ ಹಾಕ್ಸ್ಕೊಂಡೆ ತಾಯೀ!"

ಅಕ್ಕ ಸೌಟು ಪಕ್ಕಕ್ಕಿಟ್ಟು, ಬಗ್ಗಿ ಗ್ರಿಲ್ ಹತ್ರ ಬಾಯಿಟ್ಟು, ಪಕ್ಕದ್ಮನೆಯೋಳ ಹತ್ರ ಮಾತಾಡೋ ಥರ ಅಂದ್ಲು:

"ಬಿಡಮ್ಮ, ಚಟ್ನಿಗೆ ನಾನು ಯಾರ್ ಹತ್ರಾನೂ ಇಸ್ಕೊಳ್ಳಲ್ಲ."